ಹೆಡ್ ಹಂಟರ್ಸ್ ಬೇಸರ ತಂತು ಎಂದ ಧಾರವಾಡದ ದೋಸ್ತನಿಗೆ

ನವನಗರ, ಬಾಗಲಕೋಟೆ

ದೋಸ್ತ,

ಅಮೆರಿಕದ ಜಾಝ್ ಪಿಯಾನೋ ವಾದಕ ಹರ್ಬಿ ಹ್ಯಾನ್‌ಕಾಕ್ ಅವರ 1973ರ ಆಲ್ಬಮ್ ‘ಹೆಡ್ ಹಂಟರ್ಸ್’ ಬಗ್ಗೆ ನೀನು ಕಳಿಸಿದ ಮೆಸೇಜ್ ನೋಡಿದೆ. "ಹದಿನೈದು ನಿಮಿಷ ಅದೇ ಸಾಲು ತಿರುಗ್ತದಲ್ಲೋ, ಇದರಾಗ ಹಾಡು ಎಲ್ಲೈತಿ?" ಅಂತ ಕೇಳಿದ್ದೀಯ. ಎರಡು ಸಾಲಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ಎಲ್ಲರೂ ಓದಲಿ ಅಂತ ಇಲ್ಲೇ ಹಾಕಿದ್ದೇನೆ. ನಿನ್ನ ಪರವಾಗಿ ವಾದ ಮಾಡುವವರು ಇದ್ದರೆ ಅವರೂ ಬರಲಿ.

ನೀನು ಹಿಂದುಸ್ತಾನಿ ಖ್ಯಾಲ್ ಗಾಯನ ಕೇಳಿ ಬೆಳೆದವನು. ಬಂದಿಶ್‌ನ ಮುಖಡಾ (ಹಾಡಿನ ಮೊದಲ ಸಾಲು) ಎಷ್ಟು ಸಲ ಸಮ್‌ಗೆ (ತಾಳದ ಮೊದಲ ಪೆಟ್ಟಿಗೆ) ಬಂದು ಕೂತರೂ ನಿನಗೆ ಸಾಕಾಗುವುದಿಲ್ಲ. ಪ್ರತಿ ಸಲ "ವ್ಹಾ" ಅನ್ನುತ್ತೀಯ. ಯಾಕೆ? ಮುಖಡಾ ಅದೇ ಇರುತ್ತದೆ, ಆದರೆ ಅಲ್ಲಿಗೆ ಬರುವ ದಾರಿ ಬೇರೆ ಇರುತ್ತದೆ. ಈ ಆಲ್ಬಮ್ಮಿನ ಮೊದಲ ಹಾಡು ‘ಕಮೀಲಿಯನ್’ ಕೇಳುವಾಗಲೂ ಅದೇ ಕಿವಿ ಇಟ್ಟುಕೋ ಅನ್ನುವುದಷ್ಟೇ ನನ್ನ ಮಾತು.

ಆ ಸಾಲು ಮೊದಲು ಒಂಟಿಯಾಗಿ ಬರುತ್ತದೆ. ಅದು ಬೇಸ್ ಗಿಟಾರ್ ಅಲ್ಲ. ಆರ್ಪ್ ಒಡಿಸ್ಸಿ ಎಂಬ ಸಿಂಥಸೈಜರ್. ಹರ್ಬಿ ಹ್ಯಾನ್‌ಕಾಕ್ ಅವರೇ ನುಡಿಸಿದ್ದು. ಆಮೇಲೆ ಹಾರ್ವಿ ಮೇಸನ್ ಅವರ ಡ್ರಮ್ಸ್ ಸೇರುತ್ತದೆ. ಒಂದೊಂದೇ ವಾದ್ಯ ಬಂದು ತನ್ನ ಜಾಗ ನೋಡಿಕೊಂಡು ಕೂರುತ್ತದೆ. ಯಾರಿಗೂ ಅವಸರ ಇಲ್ಲ. ಬೆನ್ನಿ ಮೌಪಿನ್ ಅವರ ಸ್ಯಾಕ್ಸೋಫೋನಿನಲ್ಲಿ ಮುಖ್ಯ ಧಾಟಿ ಬರುವ ಹೊತ್ತಿಗೆ ಕೆಳಗೆ ನೆಲ ಗಟ್ಟಿಯಾಗಿರುತ್ತದೆ. ಎರಡೇ ಸ್ವರಮೇಳಗಳ (ಕಾರ್ಡ್) ಮೇಲೆ ಇಷ್ಟೆಲ್ಲ ನಿಂತಿದೆ. ಅರ್ಧ ದಾರಿಯಲ್ಲಿ ಆ ಸಾಲನ್ನು ಅವರು ಪೂರ್ತಿ ಬಿಟ್ಟೇ ಬಿಡುತ್ತಾರೆ. ಲಯ ಬದಲಾಗುತ್ತದೆ. ಫೆಂಡರ್ ರೋಡ್ಸ್ ಎಂಬ ಎಲೆಕ್ಟ್ರಿಕ್ ಪಿಯಾನೋ ಹರಿಯಲು ಶುರು ಮಾಡುತ್ತದೆ. ನೀನು ಅಲ್ಲಿಯವರೆಗೆ ಕೇಳಿದ್ದೀಯೋ ಇಲ್ಲವೋ ನನಗೆ ಅನುಮಾನ. ಕೇಳಿದ್ದರೆ "ಅದೇ ಸಾಲು" ಅಂತ ಬರೆಯುತ್ತಿರಲಿಲ್ಲ. ಕೊನೆಯಲ್ಲಿ ಅದೇ ಸಾಲು ವಾಪಸ್ ಬಂದಾಗ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ಮಾತು. ಮೊದಲರ್ಧದ ಸಿಂಥಸೈಜರ್ ಸೋಲೋದಲ್ಲಿ ಸ್ವರಗಳನ್ನು ಹೇಗೆ ಎಳೆಯುತ್ತಾರೆ ಅಂತ ಗಮನಿಸು. ನಮ್ಮ ಓಣಿಯ ಭಜನಾ ಮಂಡಳಿಗೆ ಹಾರ್ಮೋನಿಯಂ ನುಡಿಸುವ ಮಾಸ್ತರರು ಇದನ್ನೇ ಮೊದಲು ಹಿಡಿದರು. ಅವತ್ತು ಭಜನೆ ಮುಗಿದ ಮೇಲೆ ಮಂಡಳಿಯ ಸ್ಪೀಕರಿನಲ್ಲೇ ಈ ಆಲ್ಬಮ್ ಹಾಕಿದ್ದೆ. ಮಾಸ್ತರರು ಕಣ್ಣು ಮುಚ್ಚಿ ಕೇಳಿದರು. "ಪಟ್ಟಿ ಒತ್ತಿ ಮೀಂಡ್ ತಗೀತಾನಲ್ಲ ಇವ!" ಅಂದರು. ಅವರ ಅಚ್ಚರಿಯ ಹಿಂದೆ ದೊಡ್ಡ ನೋವಿದೆ. ಹಾರ್ಮೋನಿಯಂನಲ್ಲಿ ಮೀಂಡ್ ತೆಗೆಯಲು, ಅಂದರೆ ಸ್ವರದಿಂದ ಸ್ವರಕ್ಕೆ ಜಾರಲು, ಆಗುವುದಿಲ್ಲ ಎಂಬ ದೂರು ಹಳೆಯದು. ಆ ದೂರಿನ ಬಲದಿಂದಲೇ 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಆ ನಿಷೇಧ ಸಡಿಲವಾದದ್ದು 1971ರಲ್ಲಿ. ಅದಾಗಿ ಎರಡೇ ವರ್ಷಕ್ಕೆ, ಭೂಮಿಯ ಆ ಕಡೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಒಬ್ಬರು ಕೀಬೋರ್ಡಿನಿಂದಲೇ ಸ್ವರವನ್ನು ಬಗ್ಗಿಸುತ್ತಿದ್ದರು. ಮಾಸ್ತರರಿಗೆ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. "ಇನ್ನೊಮ್ಮೆ ಹಚ್ಚು" ಅಂದರು.

ಅವರ ಪಕ್ಕದಲ್ಲಿ ಕರಡಿ ಮಜಲಿನ ಕಾಕಾ ಕೂತಿದ್ದರು. ನಿನಗೆ ಗೊತ್ತಲ್ಲ, ಜಾತ್ರೆ ಮೆರವಣಿಗೆಯಲ್ಲಿ ಅವರ ಕರಡಿ ಎಂಬ ಚರ್ಮವಾದ್ಯ ಕೇಳಿದರೆ ನಿಂತವರ ಕಾಲು ಸುಮ್ನೆ ಇರುವುದಿಲ್ಲ. ಅವರು ಸಿಂಥಸೈಜರ್ ಕಡೆ ಲಕ್ಷ್ಯವನ್ನೇ ಕೊಡಲಿಲ್ಲ. ಅವರ ಕಿವಿ ಪೂರ್ತಿ ಮೇಸನ್ ಅವರ ಡ್ರಮ್ಸ್ ಮೇಲೆ, ಬಿಲ್ ಸಮರ್ಸ್ ಅವರ ತಾಳವಾದ್ಯಗಳ ಮೇಲೆ. ಮಂಡಿಯ ಮೇಲೆ ಬೆರಳಾಡಿಸುತ್ತ, "ಪೆಟ್ಟು ಬಿಟ್ಟ ಜಾಗಾ ನೋಡು ತಮ್ಮಾ, ಅಲ್ಲೇ ಐತಿ ಮಜಾ" ಅಂದರು. ಫಂಕ್ ಎಂಬ ಈ ಕುಣಿಸುವ ಲಯದ ಸಂಗೀತದ ಬಗ್ಗೆ ನಾನು ಎಷ್ಟೋ ಓದಿದ್ದೇನೆ. ಇಷ್ಟು ನೇರವಾಗಿ ಯಾರೂ ಹೇಳಿದ್ದಿಲ್ಲ. ಖಾಲಿ ಬಿಟ್ಟ ಜಾಗದಲ್ಲೇ ಕೇಳುವವನ ಮೈ ತಾನಾಗಿ ಪೆಟ್ಟು ಹಾಕುತ್ತದೆ.

ನನಗಂತೂ ಈ ಆಲ್ಬಮ್‌ನ ಜೀವ ಕ್ಲಾವಿನೆಟ್‌ನಲ್ಲಿದೆ. ಈ ನಾಲ್ಕೂ ಹಾಡುಗಳಲ್ಲಿ ಗಿಟಾರ್ ನುಡಿಸುವವರು ಯಾರೂ ಇಲ್ಲ, ಗೊತ್ತಾ? ಗಿಟಾರ್ ಮಾಡಬೇಕಾದ ಕೆಲಸವನ್ನು ಕ್ಲಾವಿನೆಟ್ ಮಾಡುತ್ತದೆ. ನೋಡಲು ಕೀಬೋರ್ಡ್, ಒಳಗೆ ತಂತಿಗಳು. ಪಟ್ಟಿ ಒತ್ತಿದರೆ ಕೆಳಗಿನ ರಬ್ಬರ್ ತುದಿ ತಂತಿಯನ್ನು ಲೋಹದ ಮೇಲೆ ಅಮುಕುತ್ತದೆ. ಆ ಕಂಪನವನ್ನು ಪಿಕಪ್ ಹಿಡಿದು ಸ್ಪೀಕರಿಗೆ ಕಳಿಸುತ್ತದೆ. ಹಾಗಾಗಿ ನಾದ ಚುರುಕಾಗಿ, ಸ್ವಲ್ಪ ಒರಟಾಗಿ ಬರುತ್ತದೆ. ಸವದತ್ತಿ ಗುಡ್ಡದಲ್ಲಿ ಎಲ್ಲಮ್ಮನ ಪದ ಹೇಳುವ ಜೋಗತಿಯರ ಕೈಯಲ್ಲಿ ಚೌಡಿಕೆ ಇರುತ್ತದಲ್ಲ, ಒಂದೇ ತಂತಿ, ಅದನ್ನು ಬಿಗಿ ಮಾಡಿ ಸಡಿಲ ಮಾಡಿ ಮಾತಾಡಿಸುತ್ತಾರೆ. ಕ್ಲಾವಿನೆಟ್ ಕೇಳಿದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ. ತಂತಿಯೇ ತಾಳವಾದ್ಯವೂ ಆಗುವುದು ನಮ್ಮ ಭಾಗದ ಕಿವಿಗೆ ಹೊಸದೇನಲ್ಲ.

ಈಗ ‘ವಾಟರ್‌ಮೆಲನ್ ಮ್ಯಾನ್’ ಬಗ್ಗೆ. ನೀನು ಇದನ್ನು ಪೂರ್ತಿ ಬಿಟ್ಟಿದ್ದೀಯ ಅನ್ನಿಸುತ್ತದೆ, ಒಂದು ಮಾತೂ ಬರೆದಿಲ್ಲ. ಹ್ಯಾನ್‌ಕಾಕ್ ಹುಟ್ಟಿ ಬೆಳೆದದ್ದು ಶಿಕಾಗೋದಲ್ಲಿ. ಅಲ್ಲಿನ ಗಲ್ಲಿಗಳಲ್ಲಿ ಕಲ್ಲಂಗಡಿ ಮಾರುವವನ ಗಾಡಿ ಬರುತ್ತಿತ್ತು. ಕಲ್ಲುಹಾಸಿನ ಮೇಲೆ ಅದರ ಚಕ್ರ ಮಾಡುವ ಸದ್ದು, ಅವನನ್ನು ಕೂಗಿ ಕರೆಯುವ ಹೆಂಗಸರ ದನಿ. ಆ ನೆನಪಿನಿಂದ ಹುಟ್ಟಿದ ಹಾಡು ಇದು. 1962ರಲ್ಲಿ ತಮ್ಮ ಮೊದಲ ಆಲ್ಬಮ್‌ಗೆ ಬರೆದದ್ದು. ಆಗ ಅದು ಪಿಯಾನೋ, ಟ್ರಂಪೆಟ್, ಸ್ಯಾಕ್ಸೋಫೋನ್ ಇದ್ದ ಜಾಝ್ ಹಾಡು. 1973ರಲ್ಲಿ ಅದೇ ಹಾಡನ್ನು ಬಿಚ್ಚಿ, ನಿಧಾನ ಮಾಡಿ, ಹೊಸದಾಗಿ ಕಟ್ಟಿದರು. ಈ ಹೊಸ ಜೋಡಣೆ ಮೇಸನ್ ಅವರದು. ಶುರುವಿನಲ್ಲಿ ಬಾಟಲಿ ಊದುವ ಸದ್ದು ಬರುತ್ತದಲ್ಲ, ಅದು ಬಿಲ್ ಸಮರ್ಸ್ ಬಿಯರ್ ಬಾಟಲಿ ಊದಿದ್ದು. ಮಧ್ಯ ಆಫ್ರಿಕಾದ ಕಾಡಿನ ಜನ ಒಂದೇ ಸ್ವರದ ಸಣ್ಣ ಪೀಪಿ ಮತ್ತು ತಮ್ಮ ದನಿ ಎರಡನ್ನೂ ಹೆಣೆದು ಹಾಡುವ ರೀತಿ ಒಂದಿದೆ. ಸಮರ್ಸ್ ಅದನ್ನು ಅನುಸರಿಸಿದರು. ಆ ಪೀಪಿಯಲ್ಲಿ ಇರುವುದು ಒಂದೇ ಸ್ವರ, ಉಳಿದದ್ದನ್ನೆಲ್ಲ ಮನುಷ್ಯನ ಗಂಟಲು ತುಂಬಬೇಕು. ಎಷ್ಟು ಚಂದ ಅಲ್ವಾ?

ಬೇಸಿಗೆಯಲ್ಲಿ ನಮ್ಮೂರಿನ ರಸ್ತೆಯ ಬದಿಗೆ ಕಲ್ಲಂಗಡಿ ಗಾಡಿ ನಿಂತದ್ದು ನೋಡಿದಾಗಲೆಲ್ಲ ಈ ಹಾಡು ತಲೆಯಲ್ಲಿ ಶುರುವಾಗುತ್ತದೆ. ಈಗ ಕೆಲವರು ಕೂಗನ್ನು ರೆಕಾರ್ಡ್ ಮಾಡಿ ಸ್ಪೀಕರಿನಲ್ಲಿ ಬಿಡುತ್ತಾರೆ. ನನಗೆ ಬಾಯಿಂದ ಕೂಗುವವರೇ ಇಷ್ಟ.

ನೀನು ಕೇಳಿದ ಇನ್ನೊಂದು ಪ್ರಶ್ನೆ, ಜಾಝ್ ಟ್ರಂಪೆಟ್ ದಿಗ್ಗಜ ಮೈಲ್ಸ್ ಡೇವಿಸ್ ಜೊತೆ ನುಡಿಸಿದ ಹ್ಯಾನ್‌ಕಾಕ್ ಕುಣಿಯುವ ಸಂಗೀತಕ್ಕೆ ಯಾಕೆ ಇಳಿದರು ಅಂತ. ಆ ಕಾಲದ ಕೆಲವು ಜಾಝ್ ಪಂಡಿತರೂ ದುಡ್ಡಿಗಾಗಿ ಮಾಡಿದ್ದು ಅಂದರು. ಆಲ್ಬಮ್ ತುಂಬಾ ಮಾರಾಟವಾದದ್ದು ನಿಜ. ಆದರೆ "ಇಳಿದರು" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಇದಕ್ಕೂ ಮುಂಚೆ ಅವರ ತಂಡ ಬಹಳ ಮುಕ್ತವಾದ, ಹಿಡಿತಕ್ಕೆ ಸಿಗದ ಸಂಗೀತ ಮಾಡುತ್ತಿತ್ತು. ಅದೂ ಒಳ್ಳೆಯದೇ. ಆದರೆ ನೆಲಕ್ಕೆ ಹತ್ತಿರವಾದದ್ದು ಬೇಕು ಅಂತ ಅವರಿಗೆ ಅನ್ನಿಸಿತು. ಹಳೆಯ ತಂಡದಿಂದ ಮೌಪಿನ್ ಒಬ್ಬರನ್ನು ಉಳಿಸಿಕೊಂಡು ಹೊಸಬರನ್ನು ಕೂಡಿಸಿದರು. ಫಂಕ್ ಮೇಲಿನ ಪ್ರೀತಿಯನ್ನು ಮುಚ್ಚಿಡಲಿಲ್ಲ. ‘ಸ್ಲೈ’ ಎಂಬ ಹಾಡಿಗೆ ಫಂಕ್ ಗಾಯಕ ಸ್ಲೈ ಸ್ಟೋನ್ ಅವರ ಹೆಸರನ್ನೇ ಇಟ್ಟರು. ಅದರ ಮಧ್ಯದಲ್ಲಿ ವೇಗ ಏರಿದಾಗ ಮೌಪಿನ್ ಮತ್ತು ಹ್ಯಾನ್‌ಕಾಕ್ ಏನು ಮಾಡುತ್ತಾರೆ ಅಂತ ಕೇಳು. ಮೈಲ್ಸ್ ತಂಡದಲ್ಲಿ ಕಲಿತದ್ದೆಲ್ಲ ಅಲ್ಲೇ ಇದೆ. ಸುಲಭದ ಸಂಗೀತ ಅಂತ ಹೇಳುವವರು ಆ ಭಾಗ ನುಡಿಸಿ ತೋರಿಸಲಿ.

ಕರಡಿ ಕಾಕಾಗೆ ಜಾಝ್ ಅಂದರೆ ಏನು ಅಂತ ಗೊತ್ತಿಲ್ಲ. ಆದರೂ ಅವತ್ತು ರಾತ್ರಿ ಅವರು ಎದ್ದು ಹೋಗಲಿಲ್ಲ. ಮಾಸ್ತರರೂ ಹೋಗಲಿಲ್ಲ. ಗಣಪತಿ ಹಬ್ಬದ ಡಿಜೆ ಬಿಟ್ಟು ಬೇರೇನೂ ಕೇಳದ ಮಾಸ್ತರರ ಮೊಮ್ಮಗ ಬೇಸ್ ಜಾಸ್ತಿ ಮಾಡಲು ಸ್ಪೀಕರಿನ ಹತ್ತಿರವೇ ಕೂತಿದ್ದ. ಮೂವರೂ ಮೂರು ಬೇರೆ ಬೇರೆ ಕಾರಣಕ್ಕೆ ಕೇಳುತ್ತಿದ್ದರು. ನಾಲ್ಕನೆಯ ಹಾಡು ‘ವೇನ್ ಮೆಲ್ಟರ್’ ಬಂದಾಗ ಮಾತ್ರ ಎಲ್ಲರೂ ಸುಮ್ಮನಾದರು. ನಿಧಾನದ ಹಾಡು ಅದು. ಮೌಪಿನ್ ಬೇಸ್ ಕ್ಲಾರಿನೆಟ್ ನುಡಿಸುತ್ತಾರೆ. ಅದರ ಕೆಳದನಿ ಎದೆಯೊಳಗೆ ಹೊಕ್ಕು ನಿಲ್ಲುತ್ತದೆ. ನನಗೆ ಇಡೀ ಆಲ್ಬಮ್‌ನಲ್ಲಿ ಅತಿ ಪ್ರೀತಿಯದು ಇದು. ಜನ ‘ಕಮೀಲಿಯನ್’ ಬಗ್ಗೆಯೇ ಮಾತಾಡುತ್ತಾರೆ, ಇದನ್ನು ಮರೆಯುತ್ತಾರೆ. ಅದು ನನಗೆ ಸರಿ ಅನ್ನಿಸುವುದಿಲ್ಲ.

ನೀನು ಒಂದು ಕೆಲಸ ಮಾಡು. ಮೊಬೈಲ್ ಸ್ಪೀಕರಿನಲ್ಲಿ ಕೇಳಬೇಡ, ಅದರಲ್ಲಿ ಆ ಕೆಳಗಿನ ಸಾಲಿನ ಅರ್ಧ ಸತ್ತುಹೋಗುತ್ತದೆ. ಒಳ್ಳೆಯ ಹೆಡ್‌ಫೋನ್ ಹಾಕಿಕೋ. ಈ ಸಲ ‘ವೇನ್ ಮೆಲ್ಟರ್’ನಿಂದ ಶುರು ಮಾಡು, ಆಮೇಲೆ ‘ವಾಟರ್‌ಮೆಲನ್ ಮ್ಯಾನ್’, ಕೊನೆಗೆ ‘ಕಮೀಲಿಯನ್’. ಮಾಸ್ತರರು 1962ರ ಹಳೆಯ ರೂಪವನ್ನೂ ಕೇಳಬೇಕು ಅಂತ ಹಟ ಹಿಡಿದಿದ್ದಾರೆ, ಬರುವ ಸೋಮವಾರ ಭಜನೆ ಮುಗಿದ ಮೇಲೆ ಹಾಕುತ್ತೇನೆ. ಸಾಧ್ಯವಾದರೆ ಸಂಜೆ ಬಸ್ ಹತ್ತಿ ಬಾ. ಆಗದಿದ್ದರೆ ಕೇಳಿ ಬರಿ. ಆಗಲೂ ಬೇಸರ ಬಂದರೆ ಯಾವ ನಿಮಿಷದಲ್ಲಿ ಬಂತು ಅಂತ ಬರಿ.

ನಿನ್ನ ದೋಸ್ತ