ಅಡಿಕೆ ಗೋದಾಮಿನಲ್ಲೊಂದು ರಾತ್ರಿ

ಕಳೆದ ಭಾನುವಾರ ಕಾಸರಗೋಡಿನ ಹುಡುಗ ಹುಡುಗಿಯರು ಕನ್ನಡ, ತುಳು, ಮಲಯಾಳ, ಬ್ಯಾರಿ ಭಾಷೆಗಳಲ್ಲಿ ತಾವೇ ಬರೆದ ರ‍್ಯಾಪ್ ಹಾಡುಗಳನ್ನು ಒಂದೇ ವೇದಿಕೆಯಲ್ಲಿ ಹಾಡಿದರು. ಅದು ನಡೆಯುವುದೇ ಇಲ್ಲವೆಂದು ನಾನು ಆಸೆ ಬಿಟ್ಟಿದ್ದ ಹೊತ್ತಿನಲ್ಲಿ ಜೊತೆಗಿದ್ದವರಿಗೆ ಕೃತಜ್ಞತೆ ಹೇಳಲು ಇದನ್ನು ಬರೆಯುತ್ತಿದ್ದೇನೆ. ಹಿಂದಿನ ಮೂರು ತಿಂಗಳಲ್ಲಿ ನಮ್ಮ ಮನೆ ಅಪ್ಪನನ್ನು ಕಳೆದುಕೊಂಡದ್ದು ನಿಮಗೆಲ್ಲ ತಿಳಿದಿರುವುದರಿಂದ ಅದನ್ನು ಮತ್ತೆ ಹೇಳುವುದಿಲ್ಲ.

ಪೋಸ್ಟರ್ ಬರೆದವರಿಗೆ, ಚಹಾ ಮತ್ತು ಗೋಳಿಬಜೆಯ ವ್ಯವಸ್ಥೆ ಮಾಡಿದವರಿಗೆ, ಕುಂಬಳೆ, ಉಪ್ಪಳ, ಬದಿಯಡ್ಕ, ಮುಳ್ಳೇರಿಯಗಳಿಂದ ಮಕ್ಕಳನ್ನು ಕರೆತಂದ ಹೆತ್ತವರಿಗೆ ನನ್ನ ನಮಸ್ಕಾರ.

ಆದರೆ ಮೈಕ್ ಸೆಟ್ಟಿನ ಅಣ್ಣನ ಬಗ್ಗೆ ಇಷ್ಟರಲ್ಲಿ ಮುಗಿಸಲಾರೆ. ಶನಿವಾರ ಸಂಜೆ ಏಳು ಗಂಟೆಗೆ, ನಾವು ಗೊತ್ತುಮಾಡಿದ್ದ ಸಭಾಂಗಣದವರು ಇಂಥ ಕಾರ್ಯಕ್ರಮಕ್ಕೆ ಜಾಗ ಕೊಡಲಾಗದೆಂದು ಫೋನಿನಲ್ಲಿ ತಿಳಿಸಿದರು. ಹೊರಗೆ ತುಲಾ ತಿಂಗಳ ಗುಡುಗು ಮಳೆ ಸುರಿಯುತ್ತಿತ್ತು. ಅಣ್ಣ ಬಾಡಿಗೆಯ ಮಾತೆತ್ತದೆ, ತಮ್ಮ ಭಾವನ ಅಡಿಕೆ ಗೋದಾಮಿನ ಬೀಗದ ಕೈ ತಂದು, ಪೆಟ್ಟಿಗೆಗಳನ್ನು ಅಲ್ಲಿಗೆ ಇಳಿಸಿ, ಬೆಳಗಿನ ನಾಲ್ಕರವರೆಗೆ ನನ್ನೊಡನೆ ಉಳಿದರು.

ತಗಡಿನ ಮಾಡು, ತಗಡಿನ ಗೋಡೆ. ಬೀಟ್ ಹಾಕಿದೊಡನೆ ತಗಡುಗಳೆಲ್ಲ ಅದುರಿ ಹಾಡಿನ ಒಂದು ಮಾತೂ ಕೇಳದಾಯಿತು. ಅಣ್ಣ ಏಣಿ ಹತ್ತಿ ಮೂರು ಕಡೆಯೂ ಖಾಲಿ ಗೋಣಿಗಳನ್ನು ತೂಗುಹಾಕಿದರು, ಬಳಿಕ ಕೆಳಗಿಳಿದು ಬಾಸ್ ತಗ್ಗಿಸಿ ದನಿಯನ್ನು ಮೇಲೆತ್ತಿದರು. “ಯಕ್ಷಗಾನದಲ್ಲಿ ಚೆಂಡೆ ಎಷ್ಟು ಜೋರಿದ್ದರೂ ಭಾಗವತರ ಪದ ಕೇಳಬೇಕು, ನಿಮ್ಮದಕ್ಕೂ ಅದೇ ಲೆಕ್ಕ” ಎಂದರು. ಅವರು ಅದುವರೆಗೆ ರ‍್ಯಾಪಿಗೆ ಮೈಕ್ ಕಟ್ಟಿದವರಲ್ಲ.

ಎರಡು ಗಂಟೆಯ ಸುಮಾರಿಗೆ ನಾನು ಗೋಣಿಯ ರಾಶಿಯ ಮೇಲೆ ಕುಳಿತು ಅತ್ತುಬಿಟ್ಟೆ. ಮನೆಯಲ್ಲಿ ಅಪ್ಪನ ಮಂಚ ಖಾಲಿಯಾಗಿರುವಾಗ ನನಗೇಕೆ ಈ ಹಾಡು, ಈ ಗದ್ದಲ ಎಂದು ಗಟ್ಟಿಯಾಗಿಯೇ ಕೇಳಿದೆ. ಅಣ್ಣ ಸಮಾಧಾನದ ಮಾತು ಆಡಲಿಲ್ಲ. ಫ್ಲಾಸ್ಕಿನಿಂದ ಕಪ್ಪು ಚಹಾ ಬಗ್ಗಿಸಿ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು, “ನಿನ್ನದೊಂದು ಹಾಡು ಹೇಳು, ನನಗೆ ಲೆವೆಲ್ ನೋಡಬೇಕು” ಎಂದರು. ಅಪ್ಪನಿಗಾಗಿ ಬರೆದದ್ದನ್ನು ಹೇಳಿದೆ. ಅದು ಮುಗಿಯುವವರೆಗೂ ಅವರ ಬೆರಳುಗಳು ಮಿಕ್ಸರಿನ ಒಂದು ತಿರುಗಣೆಯನ್ನೂ ಮುಟ್ಟಲಿಲ್ಲ.

ಗೋದಾಮಿನಲ್ಲಿ ಹಾಡಿದೆವೆಂದು ಯಾರೂ ಕುಗ್ಗಬೇಕಾಗಿಲ್ಲ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್, ತಂಗಿಯ ಶಾಲೆಯ ಬಟ್ಟೆಗೆ ಹಣ ಕೂಡಿಸಲೆಂದು ತಾವಿದ್ದ ವಸತಿ ಕಟ್ಟಡದ ಕೋಣೆಯೊಂದರಲ್ಲಿ ನಡೆಸಿದ ಕೂಟವನ್ನೇ ಹಿಪ್ ಹಾಪ್‌ನ ಹುಟ್ಟೆಂದು ಎಣಿಸುತ್ತಾರೆ. ನಮ್ಮಲ್ಲಿ ಇಲ್ಲದಿರುವುದು ಅಂಥ ಕೋಣೆಯೇ ಹೊರತು ಮಾತಲ್ಲ. ವೇಷ ಕಟ್ಟದೆ ಕುಳಿತು, ಬರೆದಿಟ್ಟ ಸಂಭಾಷಣೆಯಿಲ್ಲದೆ, ಎದುರಾಳಿಯ ಮಾತಿಗೆ ಆ ಕ್ಷಣದಲ್ಲೇ ಉತ್ತರ ಕೊಡುವ ತಾಳಮದ್ದಳೆಯ ಅರ್ಥಧಾರಿಗಳನ್ನು ಕೇಳುತ್ತ ಬೆಳೆದ ಹುಡುಗರು ಇಲ್ಲಿದ್ದಾರೆ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಆದಿಪ್ರಾಸವನ್ನು, ಅಂದರೆ ಸಾಲುಗಳ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಕಟ್ಟನ್ನು, ಬಿಟ್ಟು ಕನ್ನಡ ಕವಿತೆಗೆ ಹೊಸ ದಾರಿ ತೆರೆದರು. ಅದೇ ನೆಲದ ಹುಡುಗಿಯೊಬ್ಬಳು ಭಾನುವಾರ ಆ ಪ್ರಾಸವನ್ನೇ ಮರಳಿ ತಂದು, ಎರಡನೆಯ ಅಕ್ಷರಕ್ಕೆ ಬೀಟ್ ಬೀಳುವಂತೆ ಹಾಡಿದಾಗ ನನಗೆ ಮೈ ಜುಮ್ಮೆಂದಿತು. ನವೆಂಬರ್ 1ರಂದು ಕನ್ನಡ ರಾಜ್ಯೋತ್ಸವವನ್ನೂ ಕೇರಳ ರಾಜ್ಯ ಹುಟ್ಟಿದ ದಿನವಾದ ಕೇರಳ ಪಿರವಿಯನ್ನೂ ಒಟ್ಟಿಗೆ ನೋಡುತ್ತ ಬೆಳೆದವರಿಗೆ ಹೇಳುವುದಕ್ಕೆ ಬೇಕಾದಷ್ಟಿದೆ. ಹಾಗಿದ್ದೂ ಒಂದು ಹಾಡನ್ನು ಚೆನ್ನಾಗಿ ಧ್ವನಿಮುದ್ರಿಸಲು ನಮ್ಮವರು ಮಂಗಳೂರಿಗೋ ಕೋಝಿಕೋಡಿಗೋ ಹೋಗುತ್ತಾರೆ, ಮತ್ತು ಹೋದವರಲ್ಲಿ ಕೆಲವರು ಅಲ್ಲಿಯೇ ಉಳಿಯುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಊರು ಅವರನ್ನು ಇಷ್ಟು ಸುಲಭವಾಗಿ ಬಿಟ್ಟುಕೊಟ್ಟಿತಲ್ಲ ಎಂಬ ನೋವಿದೆ.

ಸೋಮವಾರ ಪೆಟ್ಟಿಗೆ ಕಟ್ಟುವಾಗ ಗೋಣಿಗಳನ್ನು ಇಳಿಸಲು ಹೋದೆ. ಅಣ್ಣ ತಡೆದರು. ಹೊಸ ಅಡಿಕೆ ಒಣಗಿ ಬರುವವರೆಗೆ ಗೋದಾಮು ಖಾಲಿಯಿರುತ್ತದೆಂದೂ ಭಾವನೊಡನೆ ಮಾತಾಡಿದ್ದಾಗಿದೆಯೆಂದೂ ಹೇಳಿದರು. ಬರೆಯುವವರು, ಹಾಡುವವರು, ಕೇಳಲಷ್ಟೇ ಬರುವವರು, ಯಾರೇ ಆಗಲಿ, ಮುಂದಿನ ಭಾನುವಾರ ಸಂಜೆ ನಾಲ್ಕಕ್ಕೆ ಬನ್ನಿ. ಬೀಗದ ಕೈ ಈಗ ನನ್ನ ಬಳಿಯಿದೆ.