ಹಾಡು ಕೇಳಲು ಐದು ಪೆಟ್ಟಿಗೆ ಎಂತಕ್ಕೆ?

ಮಾನ್ಯ ಸಂಪಾದಕರೇ,

ಚೌತಿ ಬಂತೆಂದರೆ ದೀಪಾವಳಿ ಮುಗಿಯುವವರೆಗೆ ಜಾಹೀರಾತು ಪುಟಗಳಲ್ಲಿ ಹೋಂ ಥಿಯೇಟರ್‌ಗಳದ್ದೇ ಅಬ್ಬರ. ಐದು ಸಣ್ಣ ಸ್ಪೀಕರ್, ದಪ್ಪ ಸದ್ದಿಗೆಂದೇ ಒಂದು ದೊಡ್ಡ ಸಬ್‌ವೂಫರ್, ಮೇಲೆ ದಪ್ಪಕ್ಷರದಲ್ಲಿ ಸಾವಿರಗಟ್ಟಲೆ ವ್ಯಾಟ್. ಸಿನಿಮಾಕ್ಕೂ ಇದೇ, ಹಾಡಿಗೂ ಇದೇ ಅಂತ ಅಂಗಡಿಯವರು ಹೇಳುತ್ತಾರೆ. ಮಂಗಳೂರಿನ ಹಂಪನಕಟ್ಟೆಯಲ್ಲಿ ಕೇಳಿ, ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಕೇಳಿ, ಮಾತು ಅದೇ. ಮನೆಯಲ್ಲಿ ಸಿನಿಮಾ ನೋಡುವವರಿಗೆ ಅದು ಸರಿ ಇರಬಹುದು. ಆದರೆ ಹಾಡು ಕೇಳಲೆಂದೇ ದುಡ್ಡು ಕೂಡಿಟ್ಟು ಬಂದವರ ತಲೆಗೂ ಅದನ್ನೇ ಕಟ್ಟುತ್ತಾರಲ್ಲ, ನನ್ನ ತಕರಾರು ಇರುವುದು ಅಲ್ಲಿ.

ನಾವು ಕೇಳುವ ಹಾಡುಗಳಲ್ಲಿ ಹೆಚ್ಚಿನವು ತಯಾರಾಗಿರುವುದೇ ಎರಡು ಚಾನೆಲಿಗೆ. ಎಡಕ್ಕೊಂದು ಸದ್ದು, ಬಲಕ್ಕೊಂದು, ಇದಕ್ಕೇ ಸ್ಟೀರಿಯೋ ಅನ್ನುವುದು. ಸ್ಟೀರಿಯೋ ಎಲ್‌ಪಿ ತಟ್ಟೆಗಳು ಮಾರುಕಟ್ಟೆಗೆ ಬಂದದ್ದು 1958ರಲ್ಲಿ. 1982ರಲ್ಲಿ ಸಿಡಿ ಬಂದಾಗಲೂ ಚಾನೆಲ್ ಎರಡೇ. ಇವತ್ತು ಮೊಬೈಲಿನಲ್ಲಿ ಕೇಳುವುದೂ ಬಹುಪಾಲು ಹಾಗೆಯೇ. ಹಳೇ ಸಿನಿಮಾ ಹಾಡುಗಳಂತೂ ಹೆಚ್ಚಿನವು ಮೋನೋ, ಅಂದರೆ ಒಂದೇ ಚಾನೆಲ್. 5.1, ಅಂದರೆ ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರಿನ ಈ ಏರ್ಪಾಡು, ಹುಟ್ಟಿದ್ದು ಸಿನಿಮಾಕ್ಕಾಗಿ. ನಡುವಿನ ಸ್ಪೀಕರ್ ಮುಖ್ಯವಾಗಿ ಮಾತಿಗೆ, ಹಿಂದಿನ ಎರಡು ಮಳೆ, ಹೆಲಿಕಾಪ್ಟರ್ ಸದ್ದಿಗೆ, ಆ ‘.1’ ಬಾಂಬು ಸಿಡಿಯುವುದಕ್ಕೆ. ಎರಡು ಚಾನೆಲಿನ ಹಾಡನ್ನು ಇದಕ್ಕೆ ಕೊಟ್ಟರೆ ಒಂದೋ ಮೂರು ಸ್ಪೀಕರ್ ಸುಮ್ನೆ ಕೂರುತ್ತವೆ, ಇಲ್ಲವೇ ಯಂತ್ರ ಅದೇ ಸದ್ದನ್ನು ಐದಕ್ಕೂ ಹಂಚುತ್ತದೆ. ಮೊದಲನೆಯದರಲ್ಲಿ ದುಡ್ಡು ದಂಡ. ಎರಡನೆಯದರಲ್ಲಿ ಹಾಡುವವರು ನಿಮ್ಮ ಬೆನ್ನ ಹಿಂದೆಯೂ ನಿಂತು ಹಾಡುತ್ತಾರೆ. ಗಾಯಕರಿಗೆ ಬೆನ್ನು ಹಾಕಿ ಯಾರಾದರೂ ಕಛೇರಿ ಕೇಳುವುದುಂಟಾ ಮಾರಾಯ್ರೇ?

ಇದಕ್ಕಿಂತ ದೊಡ್ಡ ತೊಂದರೆ ಆ ಸಣ್ಣ ಪೆಟ್ಟಿಗೆಗಳದ್ದು. ಕಡಿಮೆ ಬೆಲೆಯ ಸೆಟ್‌ಗಳಲ್ಲಿ ಒಳಗೆ ಸದ್ದು ಹೊರಡಿಸುವ ಕೋನ್ ಎರಡೂವರೆ, ಮೂರು ಇಂಚಿನದು. ಸುಮಾರು 150–200 ಹರ್ಟ್ಜ್‌ಗಿಂತ (ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ, ಕಡಿಮೆಯಾದಷ್ಟೂ ಸದ್ದು ದಪ್ಪ) ಕೆಳಗಿನ ಸದ್ದು ಅದರ ಕೈಲಾಗುವುದಿಲ್ಲ, ಅದನ್ನೆಲ್ಲ ಸಬ್‌ವೂಫರಿನ ಕಡೆ ತಳ್ಳುತ್ತಾರೆ. ಗಂಡಸರ ಮಾತಿನ ಮೂಲ ಸ್ವರ ಇರುವುದೇ ಸುಮಾರು 85ರಿಂದ 180 ಹರ್ಟ್ಜ್ ಒಳಗೆ. ಹಾಗಾಗಿ ಇಂಥ ಸೆಟ್‌ನಲ್ಲಿ ತಾಳಮದ್ದಳೆ ಹಾಕಿದರೆ ಅರ್ಥಧಾರಿಯ ಗಂಟಲು ಟೀವಿ ಪಕ್ಕದಲ್ಲಿ, ಎದೆ ಸೋಫಾದ ಮೂಲೆಯಲ್ಲಿ! ಸುಮಾರು 80 ಹರ್ಟ್ಜ್‌ಗಿಂತ ಕೆಳಗಿನ ಸದ್ದು ಎಲ್ಲಿಂದ ಬಂತು ಅಂತ ಕಿವಿಗೆ ಸುಲಭಕ್ಕೆ ತಿಳಿಯುವುದಿಲ್ಲ, ಅದಕ್ಕೇ ಒಳ್ಳೆಯ ಸೆಟ್‌ಗಳಲ್ಲಿ ಸಬ್‌ವೂಫರಿನ ಕೆಲಸವನ್ನು ಅಲ್ಲಿಗೇ ನಿಲ್ಲಿಸುವುದು. 200ರವರೆಗೂ ಅದರಿಂದಲೇ ದುಡಿಸಿಕೊಂಡರೆ ಪೆಟ್ಟಿಗೆ ಯಾವ ಮೂಲೆಯಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳಬಹುದು. ಮದ್ದಳೆಯ ನಾದ ಹೋಗಿ ಬರೀ ಗುಂ ಗುಂ ಉಳಿಯುತ್ತದೆ. ನಮ್ಮ ಖಾಸಗಿ ಬಸ್ಸುಗಳಲ್ಲಿ ಅದೇ ಗುಂ ಗುಂ ಕೇಳುತ್ತ ಬೆಳೆದ ಕಿವಿಗೆ ಅದೇ ಚಂದ ಅನಿಸಿದರೆ ಬೇಜಾರು ಮಾಡುವಂತಿಲ್ಲ ಬಿಡಿ.

ಆರು ಪೆಟ್ಟಿಗೆಗೆ ಹಂಚಿಹೋಗುವ ದುಡ್ಡನ್ನು ಎರಡಕ್ಕೇ ಹಾಕಿದರೆ ದಪ್ಪ ಸದ್ದಿಗೆ ಐದೋ ಆರೋ ಇಂಚಿನ ವೂಫರ್, ಸಣ್ಣ ಸದ್ದಿಗೆ ಒಂದಿಂಚಿನ ಟ್ವೀಟರ್ ಇರುವ ಬುಕ್‌ಶೆಲ್ಫ್ ಸ್ಪೀಕರ್ ಜೊತೆಯೊಂದು ಬರುತ್ತದೆ. ಹೊಸದೇ ಬೇಕೆಂದಿಲ್ಲದಿದ್ದರೆ ಹಳೇ ಸ್ಟೀರಿಯೋ ಆಂಪ್ಲಿಫೈಯರ್ ಕೂಡ ಆದೀತು. ರೆಕಾರ್ಡಿಂಗ್ ಚೆನ್ನಾಗಿದ್ದರೆ ಭಾಗವತರು ನಟ್ಟ ನಡುವೆ, ಚೆಂಡೆ ಒಂದು ಮಗ್ಗುಲಿಗೆ, ಮದ್ದಳೆ ಇನ್ನೊಂದಕ್ಕೆ. ಮೋನೋ ಹಾಡಾದರೂ ಎರಡು ಸ್ಪೀಕರಿನ ನಡುವೆ ಯಾರೋ ನಿಂತು ಹಾಡುತ್ತಿದ್ದಾರೆ ಅನಿಸುತ್ತದೆ, ಅಲ್ಲಿ ಸ್ಪೀಕರೇ ಇಲ್ಲದಿದ್ದರೂ.

ಇನ್ನು ಆ ವ್ಯಾಟ್ ವಿಷಯ. ಜಾಹೀರಾತಿನಲ್ಲಿ 3000, 5000 ಅಂತ ಹಾಕುವುದು ಪಿಎಂಪಿಒ, ಅಂದರೆ ಕ್ಷಣಮಾತ್ರದ ಗರಿಷ್ಠ ಶಕ್ತಿ ಅನ್ನುವ ಲೆಕ್ಕ. ಅದಕ್ಕೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ, ಕಂಪನಿಯವರು ಬರೆದದ್ದೇ ಸಂಖ್ಯೆ. ನೋಡಬೇಕಾದ್ದು ಆರ್‌ಎಂಎಸ್ ವ್ಯಾಟ್, ಅಂದರೆ ಸೆಟ್ ಒಂದೇ ಸಮನೆ ಕೊಡಬಲ್ಲ ಶಕ್ತಿ. ಅದು ಪೆಟ್ಟಿಗೆಯ ಯಾವುದೋ ಮೂಲೆಯಲ್ಲಿ ಸಣ್ಣಕ್ಷರದಲ್ಲಿರುತ್ತದೆ, ಕೆಲವದರಲ್ಲಿ ಅದೂ ಇರುವುದಿಲ್ಲ. ನೀವೇ ಯೋಚಿಸಿ, 2000 ವ್ಯಾಟಿನ ಗೀಸರಿಗೆ 16 ಆಂಪಿಯರಿನ ದಪ್ಪ ಪಿನ್ ಬೇಕು. ಈ ‘5000 ವ್ಯಾಟ್’ ಸೆಟ್ ಮಾತ್ರ ಸಾಮಾನ್ಯ 6 ಆಂಪಿಯರ್ ಸಾಕೆಟಿನಲ್ಲಿ ನಡೆಯುತ್ತದೆ. 230 ವೋಲ್ಟಿನಲ್ಲಿ 6 ಆಂಪಿಯರ್ ಅಂದರೆ ಪೂರ್ತಿ ಎಳೆದರೂ 1,380 ವ್ಯಾಟ್. ಒಳಗೆ ಹೋಗದ ಕರೆಂಟು ಹೊರಗೆ ಸದ್ದಾಗಿ ಬರುವುದು ಹೇಗೆ? ಮನೆಯ ಹಾಲ್‌ನಲ್ಲಿ ಹಾಡು ಕೇಳುವುದಕ್ಕೆ ಚಾನೆಲಿಗೆ 30–40 ವ್ಯಾಟ್ ಆರ್‌ಎಂಎಸ್ ಧಾರಾಳ ಆಯಿತು. ಸಂಪಾದಕರೇ, ಸ್ಪೀಕರ್ ಜಾಹೀರಾತು ಕೊಡುವವರು ಆರ್‌ಎಂಎಸ್ ಸಂಖ್ಯೆಯನ್ನೂ ಅಷ್ಟೇ ದಪ್ಪಕ್ಷರದಲ್ಲಿ ಹಾಕಬೇಕು ಅಂತ ನಿಮ್ಮ ಜಾಹೀರಾತು ವಿಭಾಗದವರು ಹೇಳಲಿಕ್ಕಾಗುವುದಿಲ್ಲವೇ? ಆದಾಯಕ್ಕೆ ಪೆಟ್ಟು ಬೀಳುತ್ತದೆ ಅನ್ನಬೇಡಿ, ಅವರು ಹೇಗೂ ಜಾಹೀರಾತು ಕೊಟ್ಟೇ ಕೊಡುತ್ತಾರೆ.

ನಮ್ಮೂರಿನ ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ವರ್ಷಕ್ಕೆ 3,500 ಮಿ.ಮೀ.ಗೂ ಜಾಸ್ತಿ ಮಳೆ, ಮೇಲಿಂದ ಉಪ್ಪುಗಾಳಿ. ಐದು ಸ್ಪೀಕರಿಗೆ ಎರಡೆರಡು ವಯರ್, ಎರಡೂ ತುದಿ ಸೇರಿ ಇಪ್ಪತ್ತು ಕಡೆ ಜೋಡಣೆ, ಒಂದೊಂದಕ್ಕೂ ಹಸಿರು ಕಿಲುಬು ಹಿಡಿಯಲು ಅವಕಾಶ. ಎರಡು ಸ್ಪೀಕರಾದರೆ ಎಂಟೇ. ಕೋನಿನ ಸುತ್ತ ಇರುವ ಅಂಚು ಫೋಮಿನದಾದರೆ ಈ ತೇವಕ್ಕೆ ಬೇಗ ಪುಡಿಯಾಗುತ್ತದೆ, ರಬ್ಬರಿನದೇ ಕೇಳಿ ತೆಗೆದುಕೊಳ್ಳಿ. ಹಂಚಿನ ಮಾಡಿನ ಹಳೇ ಮನೆಗಳಲ್ಲಿ ಮರದ ಮುಚ್ಚಿಗೆ ಇರುವುದರಿಂದ ಸದ್ದು ಅಷ್ಟು ಮಾರ್ದನಿಸುವುದಿಲ್ಲ. ಹೊಸ ಫ್ಲ್ಯಾಟುಗಳಲ್ಲಿ ನೆಲಕ್ಕೆ ಹೊಳೆಯುವ ಟೈಲ್ಸ್, ಗೋಡೆಯಗಲ ಗಾಜು. ಸದ್ದು ಎಲ್ಲ ಕಡೆಯಿಂದ ವಾಪಸು ಬರುತ್ತದೆ. ಅಲ್ಲಿ ಐದು ದಿಕ್ಕಿನಿಂದ ಹಾಡು ಬಿಟ್ಟರೆ ಒಂದು ಪದವೂ ಅರ್ಥವಾಗದು. ನೆಲಕ್ಕೊಂದು ದಪ್ಪ ಜಮಖಾನೆ, ಕಿಟಕಿಗೆ ಪರದೆ ಹಾಕಿ. ಎರಡು ಸ್ಪೀಕರಿನ ನಡುವೆ ಎಷ್ಟು ದೂರವೋ ಕೂರುವ ಜಾಗಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ ಇಡಿ, ಟ್ವೀಟರ್ ಕಿವಿಯ ಎತ್ತರಕ್ಕೆ ಬರಲಿ. ಶೋಕೇಸಿನ ತಲೆ ಮೇಲೆ ಏರಿಸಿ ಕೂರಿಸಬೇಡಿ, ಎಷ್ಟೇ ಚಂದ ಕಂಡರೂ.

ಹೋಂ ಥಿಯೇಟರ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಮನೆಯವರೆಲ್ಲ ರಾತ್ರಿ ಕೂತು ಸಿನಿಮಾ ನೋಡುವುದೇ ಹೆಚ್ಚಾದರೆ ಅದನ್ನೇ ಕೊಳ್ಳಿ. ಎರಡೂ ಬೇಕೆಂದರೆ ಒಂದು ಎವಿ ರಿಸೀವರ್ (ಎರಡಕ್ಕೂ ಐದಕ್ಕೂ ಆಗುವ ಆಂಪ್ಲಿಫೈಯರ್) ತಂದು ಮೊದಲು ಮುಂದಿನ ಎರಡು ಸ್ಪೀಕರಿಗೇ ಹೆಚ್ಚು ದುಡ್ಡು ಹಾಕಿ, ನಡುವಿನದ್ದು, ಹಿಂದಿನದ್ದು ಮುಂದಿನ ವರ್ಷಗಳಲ್ಲಿ ಸೇರಿಸಿದರಾಯಿತು. ಹಾಡು ಕೇಳುವಾಗ ರಿಮೋಟಿನಲ್ಲಿ ‘ಸ್ಟೀರಿಯೋ’ ಒತ್ತಿ, ಆ ‘ಹಾಲ್’, ‘ಸ್ಟೇಡಿಯಂ’ ಬಟನುಗಳ ತಂಟೆಗೆ ಹೋಗಬೇಡಿ.

ಅಂಗಡಿಯವರಲ್ಲಿ ಒಂದು ಕೋರಿಕೆ. ಗಿರಾಕಿ ಬಂದ ಕೂಡಲೇ ಕಾರು ಹಾರುವ ದೃಶ್ಯ ಹಾಕುವ ಬದಲು ಅವರ ಮೊಬೈಲಿನಲ್ಲಿರುವ ಹಾಡನ್ನೇ ಹಾಕಿ. ಒಮ್ಮೆ ಐದರಲ್ಲಿ, ಒಮ್ಮೆ ಅದೇ ಬೆಲೆಯ ಎರಡರಲ್ಲಿ, ವಾಲ್ಯೂಮ್ ಒಂದೇ ಮಟ್ಟದಲ್ಲಿಟ್ಟು. ಜೋರಾಗಿ ಕೇಳಿದ್ದೇ ಒಳ್ಳೆಯದು ಅಂತ ಕಿವಿ ಮೋಸ ಹೋಗುತ್ತದೆ, ಅದು ನಿಮಗೂ ಗೊತ್ತು. ಆಮೇಲೆ ಅವರು ಯಾವುದು ಬೇಕೆನ್ನುತ್ತಾರೋ ಅದನ್ನೇ ಬಿಲ್ ಮಾಡಿ.

ಇತಿ,
ನಿಮ್ಮ ಓದುಗ,
ಕುಂಜಿಬೆಟ್ಟು, ಉಡುಪಿ