ಗೋಕುಲ ರಸ್ತೆಯ ಆ ಹಿರಿಯರಿಗೆ ಕೃತಜ್ಞತೆಗಳು

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ರೇಡಿಯೇಟರ್ ದುರಸ್ತಿ ಮಾಡುವ, ಹೆಸರು ಕೇಳಿದರೂ ಹೇಳದೆ ನಕ್ಕು ಕಳುಹಿಸಿದ ಹಿರಿಯರಿಗೆ ಹೃತ್ಪೂರ್ವಕ ಕೃತಜ್ಞತೆಗಳನ್ನು ಸಲ್ಲಿಸುತ್ತಿದ್ದೇನೆ.

ಟ್ರ್ಯಾಕಿನ ಸೀಳಿನಲ್ಲಿ ವಿದ್ಯುತ್ತಿನಿಂದ ಓಡುವ 1:24 ಅಳತೆಯ (ನಿಜ ಕಾರಿನ 24ನೇ ಒಂದು ಭಾಗದಷ್ಟು ಉದ್ದದ) ಆಟದ ಸ್ಲಾಟ್ ಕಾರಿಗೆ, 1960ರ ದಶಕದ ಹವ್ಯಾಸಿಗಳಂತೆ ಹಿತ್ತಾಳೆ ಸರಳು ಮತ್ತು ಪಿಯಾನೋ ತಂತಿಯನ್ನು (ಗಟ್ಟಿ ಉಕ್ಕಿನ ತಂತಿ) ಬೆಸೆದು ಚಾಸಿ, ಅಂದರೆ ತಳದ ಚೌಕಟ್ಟು, ಕಟ್ಟಬೇಕೆಂಬುದು ನನ್ನ ಬಹುದಿನದ ಆಸೆ. ಮೋಟಾರು ಮಾತ್ರ ಬಹಳ ಬಲವಾದದ್ದು. ಅದರ ಎಳೆತಕ್ಕೆ, ಅದನ್ನು ಹಿಡಿದಿಡುವ ಬ್ರಾಕೆಟ್ ತುಸುವೇ ಬಾಗಿದರೂ ಪಿನಿಯನ್ (ಮೋಟಾರಿನ ಪುಟ್ಟ ಗೇರು) ಮತ್ತು ಆಕ್ಸಲ್ಲಿನ ಕ್ರೌನ್ ಗೇರಿನ ಹಲ್ಲುಗಳ ಹೊಂದಿಕೆ ತಪ್ಪುತ್ತದೆ. ನನ್ನ ಮೊದಲ ಚಾಸಿಯಲ್ಲಿ ಬೆಸುಗೆಯೇ ಬಿಟ್ಟು ಗೇರಿನ ಹಲ್ಲುಗಳು ಸವೆದುಹೋಗಿದ್ದವು.

ಅದನ್ನು ಆ ಹಿರಿಯರ ಬಳಿ ಒಯ್ದಾಗ, ಬಿಟ್ಟುಹೋದ ಜಾಯಿಂಟನ್ನು ಬೆಳಕಿಗೆ ಹಿಡಿದು, ಬೆಸುಗೆಯ ತವರವು ಹಿತ್ತಾಳೆಯ ಮೇಲೆ ಹರಡದೆ ಮುತ್ತಿನಂತೆ ಗುಂಡಗೆ ನಿಂತಿರುವುದನ್ನು ಅವರು ತೋರಿಸಿದರು. “ಅವಸರ ಮಾಡಬ್ಯಾಡ ತಮ್ಮಾ, ಮೊದಲ ಹಿತ್ತಾಳಿ ಕಾಯ್ಲಿ, ಆಮ್ಯಾಲೆ ತವರ ತಾನ ಹರಿತೈತಿ” ಎಂದರು. ಎಮರಿ ಕಾಗದದಿಂದ ಉಜ್ಜಿ, ತವರ ಹಿಡಿಯಲು ನೆರವಾಗುವ ಫ್ಲಕ್ಸ್ ಹಚ್ಚಿ, ನನ್ನ 25 ವ್ಯಾಟಿನ ಬೆಸುಗೆ ಐರನ್ ಬದಿಗಿಟ್ಟು ತಮ್ಮ ದೊಡ್ಡ ಐರನ್ನಿನಿಂದ ಕಾಯಿಸಿದಾಗ, ತವರವು ಸಂದಿನೊಳಗೆ ನೀರಿನಂತೆ ಇಳಿಯಿತು. ಹಿಂದಿನ ಆಕ್ಸಲ್ ಕೊಳವೆಯಿಂದ ಬ್ರಾಕೆಟ್ಟಿಗೆ ಎರಡೂ ಬದಿ ಓರೆಯಾಗಿ ತಂತಿಯ ಆಸರೆ ಕೊಡಿಸಿದವರೂ ಅವರೇ. ನನ್ನ ದೃಷ್ಟಿಯಲ್ಲಿ ಇಡೀ ಚಾಸಿಯ ಜೀವಾಳ ಆ ಎರಡು ತುಂಡು ತಂತಿಗಳು. ಆಸಿಡ್ ಫ್ಲಕ್ಸ್ ಉಳಿದರೆ ತಂತಿಗೆ ತುಕ್ಕು ಹಿಡಿಯುವುದರಿಂದ, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆಯುವಂತೆಯೂ ತಿಳಿಸಿದರು.

ಹಣವನ್ನು ಅವರು ಮುಟ್ಟಲಿಲ್ಲ.

ಹಿರಿಯರೇ, ಕಾರು ಈಗ ಪೂರ್ಣ ವೇಗದಲ್ಲಿ ಓಡುತ್ತಿದೆ, ಒಂದು ಬೆಸುಗೆಯೂ ಬಿಟ್ಟಿಲ್ಲ. ಮುಂದಿನ ವಾರ ಅದನ್ನು ತಂದು ತಮ್ಮ ಕೈಯಲ್ಲಿಡುತ್ತೇನೆ.